ಊರು ಪಟ್ಟಣವಾದಾಗ ದನ ಎಲ್ಲಿರಬೇಕು?

ಕೃಷ್ಣೆಯ ದಂಡೆಯ ಕೊಲ್ಹಾರಕ್ಕೆ ಹೆಸರು ತಂದದ್ದು ಅಲ್ಲಿಯ ಗಟ್ಟಿ ಮೊಸರು. ಆಲಮಟ್ಟಿ ಹಿನ್ನೀರಿನಲ್ಲಿ ಹಳೆಯ ಊರು ಮುಳುಗಿದಾಗ ಜನ ದನಕರುಗಳ ಸಮೇತ ಹೊಸ ಊರು ಕಟ್ಟಿಕೊಂಡರು. ಮುಂದೆ ಅದು ಪಟ್ಟಣ ಪಂಚಾಯತಿಯಾಯಿತು. ನಿಡಗುಂದಿ, ಮನಗೂಳಿ, ನಾಲತವಾಡ, ದೇವರ ಹಿಪ್ಪರಗಿ, ಆಲಮೇಲಗಳೂ ಹೀಗೆಯೇ ಗ್ರಾಮ ಪಂಚಾಯತಿಯ ಪಟ್ಟಿಯಿಂದ ಪಟ್ಟಣಗಳ ಪಟ್ಟಿಗೆ ಬಂದವು. ಎಮ್ಮೆ ಮಾತ್ರ ಕಟ್ಟಿದ ಗೂಟದಲ್ಲೇ ಇದೆ. ಅದಕ್ಕೆ ಅನ್ವಯಿಸುವ ಕಾನೂನು ಬೇರೆಯಾಗಿದೆ.

ಎಷ್ಟು ಬೇರೆ ಎಂಬುದನ್ನು ಸಂವಿಧಾನದಲ್ಲೇ ನೋಡಬಹುದು. 1992ರ ತಿದ್ದುಪಡಿಗಳು ಸ್ಥಳೀಯ ಸಂಸ್ಥೆಗಳಿಗೆ ಎರಡು ಅನುಸೂಚಿ ಕೊಟ್ಟವು. ಗ್ರಾಮೀಣ ಪಂಚಾಯತಿಗಳ ಹನ್ನೊಂದನೆಯ ಅನುಸೂಚಿಯಲ್ಲಿ 29 ವಿಷಯಗಳಿವೆ. ನಾಲ್ಕನೆಯದೇ ಪಶುಸಂಗೋಪನೆ, ಹೈನುಗಾರಿಕೆ ಮತ್ತು ಕೋಳಿ ಸಾಕಣೆ. ಪಟ್ಟಣಗಳ ಹನ್ನೆರಡನೆಯ ಅನುಸೂಚಿಯಲ್ಲಿ 18 ವಿಷಯಗಳಿವೆ. ಅಲ್ಲಿ ದನದ ಮಾತು ಬರುವುದು ದೊಡ್ಡಿಗಳು ಮತ್ತು ಪ್ರಾಣಿಹಿಂಸೆಯ ತಡೆ ಎಂಬಲ್ಲಿ, ಮತ್ತೆ ಕಸಾಯಿಖಾನೆಯ ನಿಯಂತ್ರಣ ಎಂಬಲ್ಲಿ. ಹಳ್ಳಿಯಲ್ಲಿ ಬೆಳೆಸಬೇಕಾದ ಬದುಕು ಎನಿಸಿಕೊಂಡ ದನ, ಪಟ್ಟಣದಲ್ಲಿ ಹಿಡಿದು ಕೂಡಿಹಾಕಬೇಕಾದ ವಸ್ತುವಾಗಿಬಿಡುತ್ತದೆ. ಸಾಕುವವನಿಗೆ ಪಟ್ಟಣದ ಕಾನೂನಿನಲ್ಲಿ ಜಾಗವೇ ಸಿಕ್ಕಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ಊರುಗಳಲ್ಲಿ ಜಾನುವಾರು ಸಾಕಣೆಯ ನಿಯಮ ಬರೆಯುವವರು ಮೊದಲು ತುಂಬಬೇಕಾದದ್ದು ಈ ಖಾಲಿ ಜಾಗವನ್ನು.

ಈ ನಾಲ್ಕೂ ತಾಲ್ಲೂಕು ಕೇಂದ್ರಗಳು 2011ರ ಜನಗಣತಿಯ ಹೊತ್ತಿಗೆ ಮೂವತ್ತರಿಂದ ನಲವತ್ತು ಸಾವಿರ ಜನರಿದ್ದ ಊರುಗಳು. ಬಸ್ ನಿಲ್ದಾಣ ದಾಟಿ ತುಸು ದೂರ ನಡೆದರೆ ಜೋಳ, ತೊಗರಿಯ ಎರೆಹೊಲಗಳು. ಇಂಡಿಯ ಸುತ್ತ, 2023ರಲ್ಲಿ ಭೌಗೋಳಿಕ ಗುರುತು ಪಡೆದ ನಿಂಬೆಯ ತೋಟಗಳು. ಒಂದು ಊರನ್ನು ಪಟ್ಟಣ ಪಂಚಾಯತಿ ಮಾಡುವಾಗ ಕರ್ನಾಟಕದ ಕಾನೂನು ನೋಡುವ ಅಳತೆಗಳಲ್ಲಿ ಒಂದು, ಅರ್ಧದಷ್ಟಾದರೂ ಉದ್ಯೋಗ ಕೃಷಿಯೇತರವಾಗಿರಬೇಕು ಎಂಬುದು. ಅಂದರೆ ಉಳಿದರ್ಧ ಜನ ಒಕ್ಕಲುತನದವರೇ ಇರಬಹುದೆಂದು ಕಾನೂನೇ ಒಪ್ಪಿದೆ. ಹಳೆಯ ಓಣಿಗಳ ಮಾಳಿಗೆ ಮನೆಗಳಲ್ಲಿ ತಲೆಬಾಗಿಲು ದಾಟಿದ ಕೂಡಲೇ ದನ ಕಟ್ಟುವ ದಂದಕ್ಕಿ, ಒಂದು ಮೆಟ್ಟಿಲು ಮೇಲೆ ಪಡಸಾಲೆ. ದನಕ್ಕೂ ಮನುಷ್ಯರಿಗೂ ಒಂದೇ ಸೂರು ಎಂಬ ಲೆಕ್ಕದಲ್ಲಿ ಕಟ್ಟಿದ ಮನೆಗಳವು. ಅವುಗಳ ನಡುವೆ ನಿಂತು ‘ಪಟ್ಟಣದಲ್ಲಿ ದನ ಏಕೆ’ ಎಂದು ಕೇಳುವುದು ಇತಿಹಾಸಕ್ಕೂ ಲೆಕ್ಕಕ್ಕೂ ಹೊಂದುವುದಿಲ್ಲ.

ಹಾಗೆಂದು ನೆರೆಯವರ ದೂರನ್ನು ತಳ್ಳಿಹಾಕಲಾಗದು. ಬೆಳೆದ ಎಮ್ಮೆಯೊಂದು ದಿನಕ್ಕೆ ಹದಿನೈದರಿಂದ ಇಪ್ಪತ್ತು ಕಿಲೊ ಸಗಣಿ ಹಾಕುತ್ತದೆ. ಹತ್ತು ಎಮ್ಮೆಗಳ ಸಗಣಿಯನ್ನು ನೀರು ಬಿಟ್ಟು ಚರಂಡಿಗೆ ತಳ್ಳಿದರೆ ಅದು ಕಟ್ಟಿಕೊಳ್ಳುತ್ತದೆ, ಕೊಳಚೆ ನಿಲ್ಲುತ್ತದೆ, ಸೊಳ್ಳೆ ಏಳುತ್ತದೆ. ತಿಪ್ಪೆಯ ಪಕ್ಕದ ಮನೆಯಲ್ಲಿ ಹಸುಗೂಸು ಇದ್ದರೆ ಆ ತಾಯಿಯ ಸಿಟ್ಟಿಗೆ ಪೂರಾ ನ್ಯಾಯವಿದೆ. ಬಿಟ್ಟ ಹಂದಿಗಳದು ಇನ್ನೂ ಗಂಭೀರ ವಿಷಯ: ಜಪಾನೀಸ್ ಮೆದುಳು ಜ್ವರದ ವೈರಸ್ ಹಂದಿಯ ರಕ್ತದಲ್ಲಿ ಹೆಚ್ಚಾಗಿ, ಸೊಳ್ಳೆಯ ಮೂಲಕ ಮಕ್ಕಳನ್ನು ಮುಟ್ಟುತ್ತದೆ. ಸಿಂದಗಿಯ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50ರಂಥ ರಸ್ತೆಯಲ್ಲಿ ರಾತ್ರಿ ಮಲಗಿದ ದನ ಬೈಕ್ ಸವಾರನಿಗೂ ಮೃತ್ಯು, ತನಗೂ ಮೃತ್ಯು. ‘ಇದು ರೈತರ ನಾಡು’ ಎಂಬ ಮಾತು ಇವಕ್ಕೆಲ್ಲ ಉತ್ತರವಾಗಲಾರದು.

ಈಗಿರುವ ಸಾಧನಗಳು ಏನು? ಒಂದು, ಕೊಂಡವಾಡ. ಅದರ ಹಿಂದಿರುವುದು ಬ್ರಿಟಿಷರ 1871ರ ಕಾಯ್ದೆ, ಅದರ ಜಾಗಕ್ಕೆ ಬಂದ ಕರ್ನಾಟಕದ 1966ರ ದನಗಳ ಅತಿಕ್ರಮ ಕಾಯ್ದೆ. ಬೆಳೆ ಮೇಯುವ ದನವನ್ನು ಹಿಡಿದು ಕೂಡಿಹಾಕುವುದು, ದಂಡ ಕಟ್ಟಿಸಿಕೊಂಡು ಬಿಡುವುದು, ಯಾರೂ ಬಾರದಿದ್ದರೆ ಹರಾಜು ಹಾಕುವುದು: ಇದು ಹೊಲ ಕಾಯುವ ಉಪಾಯ. ಪಟ್ಟಣದ ತಾಪತ್ರಯ ಸಗಣಿ, ನೀರು, ಜಾಗದ್ದು. ಕೊಂಡವಾಡದ ಬಾಗಿಲು ಹಾಕಿದರೆ ಅದು ಮುಗಿಯುವುದಿಲ್ಲ. ಎರಡನೆಯದು, ಪ್ರಾಣಿಹಿಂಸೆ ತಡೆ ಕಾಯ್ದೆಯಡಿ 1978ರಲ್ಲಿ ಬಂದ ಕೊಟ್ಟಿಗೆ ನೋಂದಣಿ ನಿಯಮ. ಲಾಭಕ್ಕಾಗಿ ಐದು ಅಥವಾ ಹೆಚ್ಚು ದನ ಸಾಕುವವರು ನೋಂದಾಯಿಸಬೇಕು ಎನ್ನುವ ಆ ನಿಯಮ, ಲಕ್ಷ ಜನಸಂಖ್ಯೆ ದಾಟಿದ ಊರುಗಳಿಗೆ ಮಾತ್ರ. ನಮ್ಮ ನಾಲ್ಕೂ ಊರುಗಳು ಅದರ ಹೊರಗೆ. ಉಳಿಯುವುದು 1964ರ ಪುರಸಭೆಗಳ ಕಾಯ್ದೆ ಕೊಡುವ ಉಪವಿಧಿಯ ಅಧಿಕಾರ. ಭಾರವೆಲ್ಲ ಊರಿನ ಮೇಲೆಯೇ ಇರುವುದರಿಂದ, ಒಳ್ಳೆಯ ನಿಯಮ ಬರೆಯುವ ಅವಕಾಶವೂ ಊರಿನದೇ.

ಕೆಟ್ಟ ನಿಯಮದ ಗತಿ ಏನಾಗುತ್ತದೆಂಬುದಕ್ಕೆ ಗುಜರಾತ್ ಸಾಕ್ಷಿ. ನಗರಗಳಲ್ಲಿ ದನ ಸಾಕಲು ಪರವಾನಿಗೆ ಕಡ್ಡಾಯ ಮಾಡಿ, ತಪ್ಪಿದರೆ ಜೈಲು ಎನ್ನುವ ಮಸೂದೆಯನ್ನು ಅಲ್ಲಿಯ ವಿಧಾನಸಭೆ 2022ರಲ್ಲಿ ಅಂಗೀಕರಿಸಿತು. ಮಾಲ್ಧಾರಿ ಪಶುಪಾಲಕರು ಬೀದಿಗಿಳಿದರು, ಹಾಲು ಮಾರುವುದನ್ನು ನಿಲ್ಲಿಸಿದರು. ಅದೇ ಸೆಪ್ಟೆಂಬರ್‌ನಲ್ಲಿ ಸರ್ಕಾರ ಮಸೂದೆಯನ್ನು ಹಿಂದೆ ಪಡೆಯಿತು. ರಸ್ತೆಯ ದನ ರಸ್ತೆಯಲ್ಲೇ ಉಳಿಯಿತು. ಸಾಕುವವರನ್ನು ಕೇಳದೆ ಬರೆದ ನಿಯಮಕ್ಕೆ ಅವರ ಸಹಕಾರ ಸಿಗುವುದಿಲ್ಲ, ಅವರ ಸಹಕಾರವಿಲ್ಲದೆ ಒಂದು ದನವೂ ಕೊಟ್ಟಿಗೆಗೆ ಮರಳುವುದಿಲ್ಲ.

ನನ್ನ ವಾದ ಇಷ್ಟು: ದನ ಇದೆಯೇ ಎಂದು ಕೇಳುವ ನಿಯಮ ಬೇಡ, ಹೇಗೆ ಸಾಕಿದ್ದಾರೆ ಎಂದು ಕೇಳುವ ನಿಯಮ ಬೇಕು. ಕಟ್ಟಲು ಜಾಗವಿದೆಯೇ, ನೆಲ ಒಣಗಿರುತ್ತದೆಯೇ, ಸಗಣಿ ಎಲ್ಲಿಗೆ ಹೋಗುತ್ತದೆ, ಗಂಜಲ ಚರಂಡಿಗೆ ಹರಿಯುತ್ತದೆಯೇ, ಲಸಿಕೆ ಆಗಿದೆಯೇ? ಈ ಪ್ರಶ್ನೆಗಳಿಗೆ ಉತ್ತರ ಸರಿಯಿದ್ದರೆ ಎರಡು ಎಮ್ಮೆಯ ಮನೆ ಓಣಿಯ ನಡುವೆಯೂ ಇರಲಿ. ಸರಿಯಿಲ್ಲದಿದ್ದರೆ ಊರಂಚಿನ ದೊಡ್ಡ ಡೈರಿಯೂ ದಂಡ ಕಟ್ಟಲಿ. ಎಲ್ಲ ಪ್ರಾಣಿಗಳನ್ನೂ ಒಂದೇ ಸಾಲಿನಲ್ಲಿ ಮುಗಿಸುವುದೂ ತಪ್ಪು. ಹೊಲಕ್ಕೆ ಹೋಗುವ ಜೋಡೆತ್ತು, ವರ್ತನೆಗೆ ಹಾಲು ಹಾಕುವ ಎಮ್ಮೆ, ಭೂಮಿಯಿಲ್ಲದ ಹೆಣ್ಣುಮಗಳೊಬ್ಬಳು ಸಾಕಿದ ಎರಡು ಆಡು, ಬೀದಿಗೆ ಬಿಟ್ಟ ಹಂದಿ ಇವುಗಳ ಅಪಾಯವೂ ಬೇರೆ, ಒಡೆಯರ ತ್ರಾಣವೂ ಬೇರೆ. ಎಲ್ಲಕ್ಕೂ ಒಂದೇ ಶುಲ್ಕವಿಟ್ಟರೆ ಡೈರಿಯವನು ಕಟ್ಟಿ ಮುಂದೆ ಹೋಗುತ್ತಾನೆ, ಆಡಿನವಳು ಆಡು ಮಾರುತ್ತಾಳೆ. ನಾಲ್ಕಾರು ಆಡು, ಕೋಳಿಗಳಿಗೆ ಶುಲ್ಕವೇ ಇರಬಾರದು. ಹಂದಿಯನ್ನು ಬೀದಿಗೆ ಬಿಡುವುದನ್ನು ಮಾತ್ರ ಖಡಾಖಂಡಿತವಾಗಿ ನಿಲ್ಲಿಸಬೇಕು. ಆದರೆ ಆ ಕುಟುಂಬಗಳಿಗೆ ಊರ ಹೊರಗೆ ಗೂಡು ಕಟ್ಟಲು ಜಾಗ ಮೊದಲು ಸಿಗಬೇಕು.

ಬೀಡಾಡಿ ಹೋರಿ, ಮುದಿ ಎತ್ತುಗಳ ಪ್ರಶ್ನೆ ಬಂದಾಗ ಭಕ್ತಿಯ ಮಾತೂ ಬರುತ್ತದೆ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆಯಲ್ಲಿ ಅದು ಸಹಜ. ಕಾರಹುಣ್ಣಿಮೆಗೆ ಕೊಂಬಿಗೆ ಬಣ್ಣ ಹಚ್ಚಿ ಕರಿ ಹರಿಯುವ ಜನ ನಾವು. ಆದರೆ ಸಂತೆಯ ಕಸದಲ್ಲಿ ಪ್ಲಾಸ್ಟಿಕ್ ತಿಂದು ಹೊಟ್ಟೆ ಉಬ್ಬಿ ಸಾಯುವ ಹೋರಿಗೆ ದಾರಿಯಲ್ಲಿ ಕೈಮುಗಿದರೆ ಭಕ್ತಿ ಸಲ್ಲುವುದಿಲ್ಲ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯ ಬಳಿಕ ದುಡಿಯಲಾಗದ ಎತ್ತನ್ನು ವಧೆಗೆ ಮಾರುವ ದಾರಿ ಒಕ್ಕಲಿಗನಿಗೆ ಮುಚ್ಚಿದೆ. ಬರದ ವರ್ಷ ಕಣಕಿಯ ಬಣವಿ ಕರಗಿದಾಗ ಅವನು ಹಗ್ಗ ಬಿಚ್ಚಿಬಿಟ್ಟರೆ ತಪ್ಪು ಅವನೊಬ್ಬನದೇ ಅಲ್ಲ. ವಧೆ ಬೇಡವೆಂದು ನಿರ್ಧರಿಸಿದ ಸರ್ಕಾರವೇ ಮೇವು, ನೆರಳಿನ ಖರ್ಚನ್ನೂ ಹೊರಬೇಕು.

ಆದ್ದರಿಂದ ಉಪವಿಧಿಯಲ್ಲಿ ದಂಡದ ಪಟ್ಟಿಗೆ ಮೊದಲು ಊರು ಕೊಡುವುದರ ಪಟ್ಟಿ ಇರಲಿ. ವಾರ್ಡಿಗೊಂದು ಸಗಣಿ ಸಂಗ್ರಹದ ಗುಂಡಿ, ಹೊಲಕ್ಕೆ ಗೊಬ್ಬರ ಸಾಗಿಸುವ ಗಾಡಿ. ಐವತ್ತು ಕಿಲೊ ಸಗಣಿಯಿಂದ ದಿನಕ್ಕೆ ಸುಮಾರು ಎರಡು ಘನಮೀಟರ್ ಅನಿಲ ಸಿಗುವುದರಿಂದ, ಜಾಗವಿದ್ದಲ್ಲಿ ಅನಿಲ ಸ್ಥಾವರ. ಹತ್ತಾರು ದನ ಇರುವವರಿಗೆ ಊರಂಚಿನಲ್ಲಿ ನೀರು, ದೀಪ ಇರುವ ಸಾಮೂಹಿಕ ಕೊಟ್ಟಿಗೆ. ಕೊಂಡವಾಡದಲ್ಲಿ ಮೇವು, ನೀರು, ಪಶುವೈದ್ಯರ ಭೇಟಿ. ನೋಂದಣಿಗೆ ಹೊಸ ಕಚೇರಿ ಬೇಕಿಲ್ಲ. ಪಶುಪಾಲನಾ ಇಲಾಖೆ ದನದ ಕಿವಿಗೆ ಹಾಕುವ ಹನ್ನೆರಡು ಅಂಕಿಯ ಓಲೆಯಿಂದಲೇ ಒಡೆಯನನ್ನು ಗುರುತಿಸಬಹುದು. ಮೊದಲ ಸಲ ಬೀದಿಯಲ್ಲಿ ಸಿಕ್ಕರೆ ಎಚ್ಚರಿಕೆ, ಎರಡನೆಯ ಸಲ ದಂಡ, ಮತ್ತೆ ಸಿಕ್ಕರೆ ಏರುವ ದಂಡ. ಇಷ್ಟು ಕೊಟ್ಟ ಮೇಲೆ ಕಟ್ಟುನಿಟ್ಟಾಗಲು ಪುರಸಭೆಗೆ ಪೂರ್ಣ ಹಕ್ಕಿದೆ, ಆಗ ಮುಲಾಜು ನೋಡಲೂಬಾರದು.

ಉಪವಿಧಿಯ ಕರಡನ್ನು ಪ್ರಕಟಿಸಿ ಆಕ್ಷೇಪಣೆ ಕೇಳಬೇಕೆಂದು ಕಾನೂನು ಹೇಳುತ್ತದೆ. ಕಚೇರಿಯ ಗೋಡೆಗೆ ಅಂಟಿಸಿದ ಹಾಳೆ ನಸುಕಿನಲ್ಲಿ ಹಾಲು ಕರೆಯುವವರನ್ನು ಮುಟ್ಟುವುದಿಲ್ಲ. ಕರಡನ್ನು ಓಣಿಗೆ ಒಯ್ದು, ಸಾಕುವವರನ್ನೂ ದೂರು ಕೊಟ್ಟವರನ್ನೂ ಒಂದೇ ಸಭೆಯಲ್ಲಿ ಕೂರಿಸಿ ಓದಬೇಕು. ಇಬ್ಬರೂ ತೆರಿಗೆ ಕಟ್ಟುವ ಅದೇ ಊರಿನವರು. ಒಬ್ಬರಿಗೆ ಶುದ್ಧ ಓಣಿಯ ಹಕ್ಕಿದ್ದರೆ ಇನ್ನೊಬ್ಬರಿಗೆ ದುಡಿಮೆಯ ಹಕ್ಕಿದೆ. ಎರಡನ್ನೂ ಕಾಯುವ ನಿಯಮವನ್ನು ಬರೆಯುವುದು ಕಷ್ಟವೇನಲ್ಲ. ಹನ್ನೆರಡನೆಯ ಅನುಸೂಚಿ ಬಿಟ್ಟ ಸಾಲನ್ನು ದೆಹಲಿ ತುಂಬುವವರೆಗೆ ಕಾಯದೆ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳು ತಮ್ಮ ಉಪವಿಧಿಯ ಮೊದಲ ಸಾಲಾಗಿ ಅದನ್ನು ಬರೆದುಕೊಳ್ಳಲಿ: ಈ ಪಟ್ಟಣದಲ್ಲಿ ದನ ಸಾಕುವುದು ಒಂದು ಉದ್ಯೋಗ, ಅದನ್ನು ಶುಚಿಯಾಗಿ ನಡೆಸಲು ಪಟ್ಟಣವೂ ಹೊಣೆ, ಸಾಕುವವರೂ ಹೊಣೆ.