ಹಿಟ್ಟು ನಾದುವ ಕೈಗೆ ಹಣೆಪಟ್ಟಿ ಏಕೆ?

ನೋಡಿ ಕಲಿಯುವವರು, ಕೇಳಿ ಕಲಿಯುವವರು, ಓದಿ ಬರೆದು ಕಲಿಯುವವರು, ಮಾಡಿ ಕಲಿಯುವವರು ಎಂದು ಮಕ್ಕಳಲ್ಲಿ ನಾಲ್ಕು ಬಗೆ. ಪ್ರತಿ ಮಗುವಿಗೂ ಅದರದೇ ರೀತಿಯಲ್ಲಿ ಕಲಿಸಬೇಕು ಎಂಬ ಮಾತು ಶಿಕ್ಷಣ ವಲಯದಲ್ಲಿ ಬಹುಕಾಲದಿಂದ ಚಲಾವಣೆಯಲ್ಲಿದೆ. ಈ ನಾಲ್ಕರ ವಿಂಗಡಣೆಯನ್ನು 1992ರಲ್ಲಿ ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಮತ್ತು ಕೊಲೀನ್ ಮಿಲ್ಸ್ ಪ್ರಕಟಿಸಿದರು. ಕೇಳುವುದಕ್ಕೆ ಇದು ಉದಾರವಾದ ಮಾತು. ಆದರೆ ಒಂದು ಬೋಗುಣಿ ಹಿಟ್ಟಿನ ಮುಂದೆ ಅದು ನಿಲ್ಲಲಾರದು.

ಹದಿಹರೆಯದ ಮಕ್ಕಳಿಗೆ ಬ್ರೆಡ್ಡಿನ ಹಿಟ್ಟು ಕಲಸಲು ಕಲಿಸುವುದನ್ನೇ ನೋಡೋಣ. 500 ಗ್ರಾಂ ಗೋಧಿಹಿಟ್ಟಿಗೆ ಸುಮಾರು 300 ಗ್ರಾಂ ನೀರು, ತುಸು ಉಪ್ಪು, ಯೀಸ್ಟ್. ಅಳತೆಯನ್ನು ಓದಬೇಕು. ಬಲ್ಲವರು ನಾದುವುದನ್ನು ನೋಡಬೇಕು. 'ನೀರು ಸಾಕು' ಎಂಬ ಎಚ್ಚರಿಕೆಯನ್ನು ಕೇಳಬೇಕು. ಅಂಟು ಕಳೆದು, ಎಳೆದರೆ ಹರಿಯದೆ ಹಿಗ್ಗುವ ಹದವನ್ನು ಮಾತ್ರ ಅಂಗೈಯೇ ಅರಿಯಬೇಕು. ಇವುಗಳಲ್ಲಿ ಯಾವುದನ್ನು ಯಾವ ಮಗುವಿಗೆ ನಿರಾಕರಿಸುವುದು?

ಹದದ ಹಿಂದೆ ವಿಜ್ಞಾನವೂ ಇದೆ. ಗೋಧಿಯ ಪ್ರೋಟೀನುಗಳು ನೀರಿನಲ್ಲಿ ನೆನೆದು, ನಾದಿದಂತೆ ಗ್ಲುಟೆನ್ ಎಂಬ ಬಲೆಯಾಗುತ್ತವೆ. ಯೀಸ್ಟ್ ಬಿಡುವ ಇಂಗಾಲದ ಡೈಆಕ್ಸೈಡ್ ಆ ಬಲೆಯಲ್ಲಿ ಸಿಕ್ಕಿ ಹಿಟ್ಟು ಉಬ್ಬುತ್ತದೆ. ಒಂದು ಬೋಗುಣಿಯನ್ನು ಒಲೆಯ ಬಳಿ, ಇನ್ನೊಂದನ್ನು ಮಳೆಗಾಲದ ಜಗಲಿಯ ಮೇಲೆ ಇಟ್ಟರೆ ಶಾಖದ ಪಾಠ ತಾನಾಗಿಯೇ ಆಗುತ್ತದೆ. ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ. ಆದುದರಿಂದಲೇ ಮಲೆನಾಡಿನ ತಾಯಂದಿರು ರೊಟ್ಟಿಯ ಹಿಟ್ಟನ್ನು ಕುದಿನೀರಿನಲ್ಲಿ ಉಕ್ಕರಿಸುತ್ತಾರೆ. ಬೆಂದ ಪಿಷ್ಟವೇ ಅಲ್ಲಿ ಬಂಧವಾಗುತ್ತದೆ. ಅಡುಗೆಮನೆಯ ಈ ಜ್ಞಾನವನ್ನು ಪಾಠವೆಂದು ಶಾಲೆ ಒಪ್ಪಿದ್ದು ಎಂದು?

ಹಲವು ರೀತಿಗಳಲ್ಲಿ ಕಲಿಸುವುದು ತಪ್ಪಲ್ಲ, ಅದು ಅಗತ್ಯ. ಒಂದೊಂದು ರೀತಿಗೆ ಒಂದೊಂದು ಮಗುವನ್ನು ಕಟ್ಟಿಹಾಕುವುದು ತಪ್ಪು. ಹೆರಾಲ್ಡ್ ಪಾಶ್ಲರ್ ಮತ್ತು ಇತರ ಮೂವರು ಮನೋವಿಜ್ಞಾನಿಗಳು 2008ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಪರಿಶೀಲಿಸಿ, ಹಾಗೆ ಹೊಂದಿಸಿ ಕಲಿಸುವುದರಿಂದ ಕಲಿಕೆ ಹೆಚ್ಚುತ್ತದೆ ಎನ್ನಲು ತಕ್ಕ ಆಧಾರವಿಲ್ಲವೆಂದು ತೋರಿಸಿದರು.

ಆದರೂ ಹಣೆಪಟ್ಟಿ ಅಂಟಿಕೊಂಡರೆ ಅದರ ಬೆಲೆ ತೆರುವವರು ಯಾರು? ತೋಟದ ಕೂಲಿಯ ಮಗ 'ಕೈಯಿಂದ ಕಲಿಯುವವ'ನಾಗುತ್ತಾನೆ, ಪೇಟೆಯ ಮಗು 'ಓದಿ ಕಲಿಯುವ'ದಾಗುತ್ತದೆ. ಹಳೆಯ ಮೇಲುಕೀಳು ಹೊಸ ಅಂಗಿ ತೊಟ್ಟು ತರಗತಿಯೊಳಗೆ ಕೂರುತ್ತದೆ. ನಾಳೆ ಕಣಿವೆಗೊಂದು ಯೋಜನೆ ಬಂದು ಸಾರ್ವಜನಿಕ ಅಹವಾಲು ಸಭೆ ಸೇರಿದಾಗ, ಪರಿಸರ ಪರಿಣಾಮದ ವರದಿಯನ್ನು ಓದಿ ಪ್ರಶ್ನಿಸಬೇಕಾದವರು ಈ ಮಕ್ಕಳೇ. ಹೊಳೆಯನ್ನು ಬಲ್ಲವನಿಗೆ ವರದಿ ತಿಳಿಯದಿದ್ದರೆ, ವರದಿ ಬರೆದವನಿಗೆ ಹೊಳೆ ತಿಳಿಯದಿದ್ದರೆ, ಉಳಿಯುವುದಾದರೂ ಏನು?

1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ಶಿಕ್ಷಣದಲ್ಲಿ ಕೈಕಸುಬು ಇತರ ವಿದ್ಯೆಗಳ ಬದಲಿಗೆ ಬಂದುದಲ್ಲ, ಅವುಗಳಿಗೆ ಬಾಗಿಲಾಗಿ ಬಂದುದು. ಹುಡುಗ ಹುಡುಗಿಯರೆನ್ನದೆ ಎಲ್ಲರೂ ತೂಗಲಿ, ನಾದಲಿ, ಬರೆದಿಡಲಿ, ವಾದಿಸಲಿ. ಹಿಟ್ಟು ಯಾರ ಕೈಯನ್ನೂ ಬೇರೆಯೆಂದು ಎಣಿಸುವುದಿಲ್ಲ, ಶಾಲೆಯೂ ಎಣಿಸಬಾರದು.