ಬಾವುಟ ಯಾರದು, ನೆನಪು ಯಾರದು?

ಹಾಸ್ಟೆಲ್ ಗೆಳೆಯರೇ,

ಆಗಸ್ಟ್ 15ಕ್ಕೆ ತಿಪಟೂರಿನಲ್ಲಿ ಭಾಷಣ ಕೇಳಿ ಚಪ್ಪಾಳೆ ತಟ್ಟುತ್ತೇವೆ. ಆದ್ರೆ 1947ರ ಆ ದಿನ ನಮ್ಮ ಸೀಮೆಯಲ್ಲಿ ಇನ್ನೂ ಮಹಾರಾಜರ ದರ್ಬಾರೇ. ಸೆಪ್ಟೆಂಬರ್ 1ಕ್ಕೆ 'ಮೈಸೂರು ಚಲೋ' ಶುರುವಾಗಿ, ವಿದ್ಯಾರ್ಥಿಗಳೂ ಬೀದಿಗಿಳಿದ ಮೇಲಷ್ಟೇ, ಅಕ್ಟೋಬರ್‌ನಲ್ಲಿ, ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಇದನ್ನ ವೇದಿಕೆ ಮೇಲೆ ಯಾರಾದ್ರೂ ಹೇಳಿದ್ರಾ?

ಮರೆವು ತಾನಾಗಿ ಬರಲ್ಲ, ಮರೆಸೋರು ಇರ್ತಾರೆ. 1972ರಲ್ಲಿ ಕೇಂದ್ರ ಸರ್ಕಾರ ಪಿಂಚಣಿ ಕೊಡಹೊರಟಾಗ ಜೈಲಿನ ದಾಖಲೆ ಕೇಳಿತು. ಕಾಗದ ಇದ್ದೋರು ಹೋರಾಟಗಾರರಾದರು. ಜೈಲಿಗೆ ಹೋದ ಧಣಿಯ ತೋಟದಲ್ಲಿ ಮಟ್ಟೆ ಸುಲಿದು ಕೊಬ್ಬರಿ ಅಟ್ಟ ಕಾಯ್ದ ನಮ್ಮ ಮುತ್ತಾತನ ಹತ್ರ ಯಾವ ಕಾಗದ ಇತ್ತು? 2022ಕ್ಕೆ ಕಾಗದವೂ ಬೇಡವಾಯ್ತು, ಮನೆ ಮೇಲೊಂದು ಪಾಲಿಯೆಸ್ಟರ್ ಬಾವುಟ ಸಾಕು! (ಖಾದಿಯ ಕಟ್ಟಳೆಯನ್ನ ಹಿಂದಿನ ವರ್ಷದ ಕೊನೆಗೇ ಸಡಿಲಿಸಿದ್ರು.)

ಜೈಲೇ ಅಳತೆಗೋಲಾದ್ರೆ, 1927ರಲ್ಲಿ ಮಹಾಡ್ ಕೆರೆಯಲ್ಲಿ ಬಾಬಾಸಾಹೇಬರ ಜೊತೆ ಬೊಗಸೆ ನೀರು ಕುಡಿದು ಏಟು ತಿಂದವರು ಏನು? ಅದು ಸ್ವಾತಂತ್ರ್ಯ ಸಮರ ಅಲ್ಲವಾ? ಅವರನ್ನ ಯಾವ ಸ್ತಬ್ಧಚಿತ್ರದಲ್ಲಿ ಕಂಡಿರಿ?

ಈ ರಜೆಗೆ ಊರಿಗೆ ಹೋದಾಗ ಕೇರಿಯ ಮುದುಕಿಯರ ಹತ್ರ ಕೂತ್ಕೊಳ್ಳಿ. ಊರಬಾವಿಗೆ ಮೊದಲು ಕೊಡ ಇಳಿಸಿದ್ದು ಯಾರು, ಯಾವ ವರ್ಷ, ಹೊಡೆಯಲು ಬಂದೋರು ಯಾರು, ಎಲ್ಲಾ ನೋಟ್‌ಬುಕ್ಕಿನಲ್ಲಿ ಬರೆದು ತನ್ನಿ.