ಕತ್ತಿಯ ತೂಕವೂ ಆಟದ ನ್ಯಾಯವೂ

ಮೇಜಿನ ಸುತ್ತ ಕುಳಿತು, ದಾಳವನ್ನುರುಳಿಸಿ, ವೀರರ ಕಲ್ಪಿತ ಕಥೆಗಳನ್ನು ನಡೆಯಿಸುವ ಪಾತ್ರದಾಟಗಳಲ್ಲಿ ಕತ್ತಿಯ ತೂಕ, ಉದ್ದ, ಲೋಹ ಎಲ್ಲಕ್ಕೂ ನಿಯಮವಿರಬೇಕು, ಇಲ್ಲವಾದರೆ ಆಟವು ಸುಳ್ಳಾಗುವುದು ಎಂಬುದು ಕೆಲವರ ವಾದ. ಈ ವಾದವನ್ನು ನಾವು ಒಪ್ಪಲಾರೆವು.

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ವಾಚಕರಿಗೆ ದೊಡ್ಡಾಟವು ಹೊಸದಲ್ಲ. ಅಲ್ಲಿ ವೀರನ ಕೈಯಲ್ಲಿರುವುದು ಮರದ ಕತ್ತಿ. ಅವನ ಹೆಜ್ಜೆ ಮದ್ದಳೆಗೆ ಅಧೀನ. ಪ್ರೇಕ್ಷಕನು ಉಕ್ಕನ್ನು ಬೇಡುವುದಿಲ್ಲ. ಆದರೆ ಪೆಟ್ಟು ತಿಂದವನು ಏನೂ ಆಗದವನಂತೆ ನಿಂತರೆ ನಗುತ್ತಾನೆ. ಅವನಿಗೆ ಬೇಕಾದುದು ಲೋಹದ ಸತ್ಯವಲ್ಲ, ಪೆಟ್ಟಿನ ಸತ್ಯ.

1974ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಮೂಲ ನಿಯಮದಂತೆ ಕಠಾರಿಗೂ ಕತ್ತಿಗೂ ಒಂದೇ ಪೆಟ್ಟು: ಆರು ಮುಖದ ದಾಳ. ಹಾಗಾದರೆ ಕತ್ತಿಯನ್ನೇಕೆ ಹಿಡಿಯಬೇಕು? 1975ರ ‘ಗ್ರೇಹಾಕ್’ ಪುರವಣಿಯು ಕಠಾರಿಗೆ 1ರಿಂದ 4, ಕತ್ತಿಗೆ 1ರಿಂದ 8 ಎಂದು ಭೇದವೆಣಿಸಿತು. ಅದು ಯುಕ್ತವೇ. ಆದರೆ ಕತ್ತಿಯೊಂದೇ ಮೇಲಾದರೆ ಎಲ್ಲರೂ ಅದನ್ನೇ ಹಿಡಿಯುವರು. ಆದುದರಿಂದ ಕಠಾರಿಗೆ ಉಡುಪಿನಲ್ಲಡಗುವ, ಈಟಿಗೆ ದೂರದಿಂದ ತಡೆಯುವ ಗುಣವೂ ಸಲ್ಲಬೇಕು.

ಆಟಗಾರನ ನಿರ್ಧಾರವನ್ನು ಬದಲಿಸುವ ಭೇದವು ನಿಯಮವಾಗಲಿ. ಮಿಕ್ಕುದು ಕಮ್ಮಾರನ ತಕ್ಕಡಿಯಲ್ಲೇ ಉಳಿಯಲಿ.